ಹಾಲು ಕರೆಯುವ ಕೈಗೂ ಒಂದಿಷ್ಟು ಮುಲಾಮು



ಶುದ್ಧ ಹಾಲು ಉತ್ಪಾದನೆಯ ತರಬೇತಿಗಳಲ್ಲಿ ಕೆಚ್ಚಲು, ಕೊಟ್ಟಿಗೆ, ಕ್ಯಾನು ಎಲ್ಲದರ ಮಾತೂ ಬರುತ್ತದೆ. ಕರೆಯುವವರ ಕೈ ಬಂದಾಗ ಮಾತ್ರ 'ಸೋಪು ಹಚ್ಚಿ ತೊಳೆಯಿರಿ' ಎಂದಲ್ಲಿಗೆ ಮುಗಿಯುತ್ತದೆ. ಅಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ.

ಸಗಣಿ, ಗಂಜಲ, ವಾಷಿಂಗ್ ಸೋಡಾ, ಬೆಳಗಿನ ತಣ್ಣೀರು ಇವೆಲ್ಲದರಲ್ಲಿ ದಿನವೂ ನೆನೆಯುವ ಕೈ ಚಳಿಗಾಲದಲ್ಲಿ ಬಿರುಕು ಬಿಡದೆ ಇರುವುದಿಲ್ಲ. ಉರಿ ನಿಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಆ ಬಿರುಕಿನಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ರೋಗಾಣು ಸುಲಭವಾಗಿ ಮನೆ ಮಾಡುತ್ತದೆ. ಎಷ್ಟು ತೊಳೆದರೂ ಬಿರುಕಿನ ಒಳಗಿನದು ಹೋಗುವುದಿಲ್ಲ. ಒಂದು ಹಸುವಿನಿಂದ ಇನ್ನೊಂದಕ್ಕೆ ಕೆಚ್ಚಲು ಬಾವು ಹರಡುವ ದಾರಿಗಳಲ್ಲಿ ಕರೆಯುವ ಕೈಯೂ ಒಂದು. ಈ ರೋಗಾಣು ಕೆಚ್ಚಲಿನ ಆಳಕ್ಕೆ ಇಳಿದರೆ ಇಂಜೆಕ್ಷನ್ನಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಒಂದು ಮೊಲೆ ಶಾಶ್ವತವಾಗಿ ಬತ್ತುವುದೂ ಉಂಟು. ಚಿಕಿತ್ಸೆಯ ದಿನಗಳಲ್ಲಿ ಹಾಲನ್ನು ಡೇರಿಗೆ ಹಾಕುವಂತಿಲ್ಲ. ನಷ್ಟದ ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು.

ಹಾಗಾಗಿ ಮನೆಯಲ್ಲೇ ಮುಲಾಮು ಮಾಡಿಕೊಳ್ಳಿ ಎನ್ನುತ್ತೇನೆ. ಆದರೆ ನೀರಿನ ಅಂಶವಿಲ್ಲದ್ದನ್ನು ಮಾಡಿ. ಲೋಳೆಸರದ ತಿರುಳನ್ನು ಎಣ್ಣೆಗೆ ಕಲಸಿ, ಬಿಳಿ ಕ್ರೀಮಿನಂತೆ ಮಾಡಿ, ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡುವವರಿದ್ದಾರೆ. ಲೋಳೆಸರದಲ್ಲಿ ಬಹುಪಾಲು ನೀರೇ. ನೀರಿದ್ದಲ್ಲಿ ಬೂಷ್ಟೂ ರೋಗಾಣುವೂ ಬೆಳೆಯುತ್ತವೆ. ಅಂಗಡಿಯ ಕ್ರೀಮು ಕೆಡದಿರಲು ಅದಕ್ಕೆ ಸಂರಕ್ಷಕ ಹಾಕಿರುತ್ತಾರೆ, ನಮ್ಮ ಅಡುಗೆಮನೆಯಲ್ಲಿ ಅದಿಲ್ಲ. ಕೆಟ್ಟ ಕ್ರೀಮನ್ನು ಬಿರುಕಿಗೆ ಹಚ್ಚುವುದಕ್ಕಿಂತ ಬರೀ ಕೊಬ್ಬರಿ ಎಣ್ಣೆಯೇ ವಾಸಿ.

ಒಂದು ಹಿಡಿ ಬೇವಿನ ಎಲೆಯನ್ನು ತೊಳೆದು, ನೀರೆಲ್ಲ ಆರುವಂತೆ ಎರಡು ದಿನ ನೆರಳಿನಲ್ಲಿ ಬಾಡಿಸಿ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಎಲೆ ಗರಿಗರಿಯಾಗಿ ಸದ್ದು ನಿಂತಾಗ ಅರ್ಧ ಚಮಚ ಅರಿಶಿನ ಹಾಕಿ ಇಳಿಸಿ, ಒಣ ಬಟ್ಟೆಯಲ್ಲಿ ಸೋಸಿ. ಹೊಗೆ ಬರುವಷ್ಟು ಕಾಯಿಸಬೇಡಿ. ಬಿಸಿ ಇರುವಾಗಲೇ 20 ರಿಂದ 25 ಗ್ರಾಂ ಜೇನುಮೇಣ ಕರಗಿಸಿ, ಒಣಗಿದ ಸ್ಟೀಲ್ ಡಬ್ಬಿಗೆ ಸುರಿದು ಆರಲು ಬಿಡಿ. ಗಟ್ಟಿಯಾಯಿತೆಂದರೆ ಮತ್ತೆ ಬಿಸಿ ಮಾಡಿ ಸ್ವಲ್ಪ ಎಣ್ಣೆ ಸೇರಿಸಿದರಾಯಿತು. ಒದ್ದೆ ಬೆರಳನ್ನು ಡಬ್ಬಿಗೆ ಅದ್ದಬೇಡಿ. ಮೊದಲ ದಿನ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ನೋಡಿ. ಬೇವು, ಅರಿಶಿನ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ.

ಹಚ್ಚುವ ಹೊತ್ತು ಮುಖ್ಯ. ರಾತ್ರಿ ಮಲಗುವ ಮುಂಚೆ ಕೈಗೆ, ಹಾಲು ಕರೆದಾದ ಮೇಲೆ ಹಸುವಿನ ಒಡೆದ ಮೊಲೆತೊಟ್ಟಿಗೆ. ಕರೆಯುವ ಮುಂಚೆ ಖಂಡಿತ ಬೇಡ. ಹಾಲಿನ ಕೊಬ್ಬು ವಾಸನೆಯನ್ನು ಬೇಗ ಹೀರುತ್ತದೆ, ಬೇವಿನ ಕಹಿ ಘಾಟಂತೂ ಇನ್ನೂ ಬೇಗ. ನಿಮ್ಮ ಕೈಗೊಂದು, ಹಸುವಿಗೊಂದು ಡಬ್ಬಿ ಬೇರೆ ಬೇರೆ ಇರಲಿ.

ಇದನ್ನು ಕೆಚ್ಚಲು ಬಾವಿನ ಲೇಪದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಸೇರಿಸಿ ಅರೆಯುವ ಆ ಲೇಪವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡಿದೆ. ಅದನ್ನು ಅಂದಂದಿಗೇ ಅರೆಯಬೇಕು, ಇಟ್ಟುಕೊಳ್ಳುವಂಥದ್ದಲ್ಲ. ಸುಣ್ಣವಿರುವುದರಿಂದ ಒಡೆದ ಕೈಗೆ ಹಚ್ಚಿದರೆ ಚರ್ಮ ಸುಡುತ್ತದೆ. ಹಾಲಿನಲ್ಲಿ ಗರಣೆ ಕಂಡರೆ, ಕೆಚ್ಚಲು ಬಿಸಿಯಾಗಿ ಗಟ್ಟಿಯಾದರೆ, ಹಸು ಮೇವು ಬಿಟ್ಟರೆ ಲೇಪ ನಂಬಿ ಕೂರದೆ ಅದೇ ದಿನ ಪಶುವೈದ್ಯರಿಗೆ ತಿಳಿಸಿ.

ಕೈಯಲ್ಲಿ ಕೀವು ತುಂಬಿದ್ದರೆ ಮುಲಾಮು ಬೇಡ, ಆಸ್ಪತ್ರೆಗೆ ಹೋಗಿ. ವಾಸಿಯಾಗುವವರೆಗೆ ಮನೆಯಲ್ಲಿ ಬೇರೆಯವರು ಕರೆಯಲಿ. (ಗಂಡಸರಿಗೂ ಕರೆಯಲು ಬರುತ್ತದೆ.) ಮೆಡಿಕಲ್ ಅಂಗಡಿಯಿಂದ ಕೇಳದೆ ತರುವ ಸ್ಟಿರಾಯ್ಡ್ ಟ್ಯೂಬು ಎರಡು ದಿನ ಹಿತವಾಗಿ ಕಂಡರೂ, ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ.

ಸ್ತ್ರೀಶಕ್ತಿ ಸಂಘದಿಂದ ಮಾಡಿ ಮಾರಬಹುದೇ ಎಂದು ಕೇಳುವವರಿದ್ದಾರೆ. ಚರ್ಮಕ್ಕೆ ಹಚ್ಚುವ ವಸ್ತುವನ್ನು ಮಾರಾಟಕ್ಕಾಗಿ ತಯಾರಿಸಲು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಡಿ ಪರವಾನಗಿ ಬೇಕು. ನಿಮಗೂ ನೆರೆಮನೆಯ ಅಕ್ಕನಿಗೂ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.