ಹಳೆ ಕಾರಿನ ಗೇರ್ ಆಯಿಲ್: ಫಾರ್ವರ್ಡ್ ಸಲಹೆಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಹಳೆ ಕಾರುಗಳ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಸಲಹೆಗಳು ಸಾಮಾನ್ಯವಾಗಿ ಮೂರು ಬಗೆಯವು. ಗೇರ್ ಬಾಕ್ಸ್ ಆಯಿಲ್ ಗಾಡಿ ಇರುವ ತನಕ ಬದಲಿಸುವುದು ಬೇಡ. ಗೇರ್ ಸದ್ದು ಮಾಡಿದರೆ ಇನ್ನೂ ದಪ್ಪನೆಯ ಆಯಿಲ್ ಹಾಕಿ. ಗೇರ್ ಬಾಕ್ಸಿಗೂ ಹಿಂದಿನ ಹೌಸಿಂಗಿಗೂ ಒಂದೇ ಡಬ್ಬಿ ಸಾಕು. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇರುವುದರಿಂದಲೇ ಜನ ನಂಬುತ್ತಾರೆ.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆ ಇದು ಬರೀ ಹವ್ಯಾಸಿಗಳ ಪ್ರಶ್ನೆ ಅಲ್ಲ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಧಾರವಾಡದಲ್ಲಿ ನೋಂದಣಿಯಾಗಿ ಕೆಎ-25 ನಂಬರ್ ಹೊತ್ತ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರಾ ಜೀಪಿನಂಥ ಗಾಡಿಗಳನ್ನು ಅಪ್ಪನ ನೆನಪಿಗೆಂದು ಇಟ್ಟುಕೊಂಡವರಿದ್ದಾರೆ. ಅಂಬಾಸಿಡರ್ ಉತ್ಪಾದನೆ ನಿಂತದ್ದು 2014ರಲ್ಲಿ, ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲು. ಅಸಲಿ ಬಿಡಿಭಾಗ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವಾಗ, ತಪ್ಪು ಆಯಿಲ್‌ನಿಂದ ಹೋದ ಒಂದು ಗೇರ್ ಸೆಟ್ ಇಡೀ ಗಾಡಿಯನ್ನೇ ಮೂಲೆಗೆ ತಳ್ಳಬಹುದು.

ಈ ಕಾರುಗಳ ಎಂಜಿನ್ ಮುಂದೆ ಇರುತ್ತದೆ, ಓಡುವ ಬಲ ಹಿಂದಿನ ಗಾಲಿಗೆ ಸಿಗುತ್ತದೆ. ನಡುವೆ ಗೇರ್ ಬಾಕ್ಸ್. ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡು ಕಾಣುವುದೇ ಡಿಫರೆನ್ಷಿಯಲ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ 'ಹೌಸಿಂಗ್'. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕಲ್ಲ, ಅದಕ್ಕೆ ಅವಕಾಶ ಮಾಡಿಕೊಡುವುದು ಇದೇ.

ಎರಡರಲ್ಲೂ ಹಲ್ಲಿನ ಚಕ್ರಗಳೇ ಇದ್ದರೂ ಅವು ಒಂದನ್ನೊಂದು ಮುಟ್ಟುವ ರೀತಿ ಬೇರೆ. ಗೇರ್ ಬಾಕ್ಸಿನ ಹಲ್ಲುಗಳು ಬಹುಮಟ್ಟಿಗೆ ಒಂದರ ಮೇಲೊಂದು ಉರುಳುತ್ತವೆ. ಹೌಸಿಂಗಿನಲ್ಲಿರುವ ಕ್ರೌನ್ ಮತ್ತು ಪಿನಿಯನ್ 'ಹೈಪಾಯ್ಡ್' ಜಾತಿಯವಾದರೆ, ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂತಿರುತ್ತದೆ. ಅಲ್ಲಿ ಹಲ್ಲು ಹಲ್ಲಿನ ಮೇಲೆ ಉದ್ದಕ್ಕೂ ಜಾರುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಆಮೇಲೆ ಅಂಗೈಗಳನ್ನು ಒತ್ತಿ ಹಿಡಿದು ಉಜ್ಜಿ ನೋಡಿ. ಉಜ್ಜಿದಾಗ ಬಿಸಿ ಹೆಚ್ಚು. ಅಷ್ಟು ಒತ್ತಡದಲ್ಲಿ ಬರೀ ಎಣ್ಣೆಯ ಪದರ ಉಳಿಯುವುದಿಲ್ಲ. ಅದಕ್ಕೇ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಹಲ್ಲು ಕಾದ ಜಾಗದಲ್ಲಿ ಇವು ಉಕ್ಕಿನ ಜೊತೆ ರಾಸಾಯನಿಕವಾಗಿ ಸೇರಿ ತೆಳುವಾದ ರಕ್ಷಾ ಪದರ ಕಟ್ಟುತ್ತವೆ. ಹೊಸ ಗೇರ್ ಆಯಿಲ್ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ವಾಸನೆ ಆ ಗಂಧಕದ್ದು. ವಾಸನೆ ಬಂತೆಂದರೆ ಆಯಿಲ್ ಕೆಟ್ಟಿದೆ ಎಂದರ್ಥವಲ್ಲ.

ಒಂದೇ ಡಬ್ಬಿಯ ಸಲಹೆ ಎಡವುವುದು ಇಲ್ಲಿಯೇ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುತ್ತದೆ. ಜಿಎಲ್-5ರಲ್ಲಿ ಈ ಒತ್ತಡ ತಡೆಯುವ ರಾಸಾಯನಿಕ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು. ಹೈಪಾಯ್ಡ್ ಹೌಸಿಂಗಿಗೆ ಅದು ಬೇಕೇ ಬೇಕು. ಆದರೆ ಹಳೆ ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳು, ಕಂಚಿನ ಬುಶ್‌ಗಳು ಇರುತ್ತವೆ. ಗೇರ್ ಬದಲಿಸುವಾಗ ಆ ರಿಂಗ್ ಗೇರನ್ನು ಕ್ಷಣಕಾಲ ಉಜ್ಜಿ ಹಿಡಿದು ಎರಡೂ ಕಡೆಯ ವೇಗವನ್ನು ಸಮ ಮಾಡಬೇಕು. ಆಯಿಲ್ ತೀರಾ ಜಾರಿದರೆ ಹಿಡಿತ ಸಿಗದೆ 'ಕರ್ರ್' ಎನ್ನುತ್ತದೆ. ಜೊತೆಗೆ ಚುರುಕಾದ ಗಂಧಕ ತಾಮ್ರವಿರುವ ಲೋಹಗಳನ್ನು ಬಿಸಿಯಲ್ಲಿ ನಿಧಾನವಾಗಿ ತಿನ್ನುತ್ತದೆ. ಈಗಿನ ಒಳ್ಳೆಯ ಜಿಎಲ್-5 ಆಯಿಲ್‌ಗಳಲ್ಲಿ ಇದನ್ನು ತಡೆಯುವ ಅಂಶಗಳೂ ಇರುತ್ತವೆ, ನಿಜ. ಆದರೂ ಕಂಪನಿಯ ಕೈಪಿಡಿ ಬೇರೆ ಹೇಳದಿದ್ದರೆ, ಹಿತ್ತಾಳೆ ರಿಂಗ್ ಇರುವ ಹಳೆ ಗೇರ್ ಬಾಕ್ಸಿಗೆ ಜಿಎಲ್-4, ಹೈಪಾಯ್ಡ್ ಹೌಸಿಂಗಿಗೆ ಜಿಎಲ್-5 ಎಂದು ಎರಡು ಡಬ್ಬಿ ತರುವುದೇ ಲೇಸು. ಇದರಲ್ಲಿ ಉಳಿತಾಯ ನೋಡುವುದು ಜಾಣತನವಲ್ಲ.

ಟ್ರ್ಯಾಕ್ಟರಿಗೆ ತಂದು ಉಳಿದ ಆಯಿಲನ್ನು ಕಾರಿನ ಹೌಸಿಂಗಿಗೆ ಸುರಿಯುವುದೂ ಉಂಟು. ಟ್ರ್ಯಾಕ್ಟರಿನ ಆಯಿಲ್ ಗೇರಿನ ಜೊತೆ ಹೈಡ್ರಾಲಿಕ್ ಲಿಫ್ಟನ್ನೂ, ಎಷ್ಟೋ ಮಾದರಿಗಳಲ್ಲಿ ಆಯಿಲ್‌ನಲ್ಲಿ ಮುಳುಗಿರುವ ಬ್ರೇಕನ್ನೂ ನೋಡಿಕೊಳ್ಳಬೇಕು. ಹೈಪಾಯ್ಡ್ ಹಲ್ಲಿನ ಉಜ್ಜಾಟಕ್ಕೆಂದು ಮಾಡಿದ ಆಯಿಲ್ ಅದಲ್ಲ.

ಇನ್ನು ದಪ್ಪದ ವಿಷಯ. ಗೇರ್ ಆಯಿಲ್ ಮೇಲೆ 90, ಎಂಜಿನ್ ಆಯಿಲ್ ಮೇಲೆ 40 ಎಂದು ಕಂಡಾಗ ಮೊದಲನೆಯದು ಎರಡು ಪಟ್ಟು ದಪ್ಪ ಎಂದುಕೊಳ್ಳುವುದು ಸಹಜ. ಆದರೆ ಅವು ಬೇರೆ ಬೇರೆ ಅಳತೆಗೋಲುಗಳು. 100 ಡಿಗ್ರಿ ಬಿಸಿಯಲ್ಲಿ 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40-50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ. ಅಂಬಾಸಿಡರಿನ ಹಳೆ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ 'ಬಿ-ಸೀರೀಸ್' ವಂಶದ್ದು. ಅದೇ ವಂಶದ ಎಂಜಿನ್ ಇದ್ದ ಎಂಜಿಬಿ ಕಾರಿನ ಗೇರ್ ಬಾಕ್ಸಿಗೆ ಕಂಪನಿಯೇ ಎಂಜಿನ್ ಆಯಿಲ್ ಹಾಕಲು ಹೇಳಿತ್ತು! ಹಾಗೆಂದು ನಿಮ್ಮ ಗಾಡಿಗೂ ಹಾಕಿಬಿಡಬೇಡಿ, ಪ್ರತಿ ಮಾದರಿಗೂ ಅದರದೇ ಕೈಪಿಡಿ ಇದೆ. ನಮ್ಮ ಬೇಸಿಗೆಗೆಂದು 140ರ ಆಯಿಲ್ ಹಾಕುವವರು ಒಂದು ನೆನಪಿಡಬೇಕು: ತೀರಾ ದಪ್ಪ ಆಯಿಲ್ ಬೆಳಗಿನ ತಂಪಿನಲ್ಲಿ ಸಂದಿಗೊಂದಿಯ ಬೇರಿಂಗ್‌ಗಳಿಗೆ ತಡವಾಗಿ ಮುಟ್ಟುತ್ತದೆ, ಗೇರ್ ಬೀಳುವುದೂ ಗಟ್ಟಿಯಾಗುತ್ತದೆ. ಸದ್ದು ಕಡಿಮೆಯಾಗಬಹುದು, ಸವೆದ ಹಲ್ಲು ಮಾತ್ರ ಸವೆದೇ ಇರುತ್ತದೆ. ಗಾಡಿ ಮಾರುವಾಗ ಸದ್ದು ಅಡಗಿಸಲು ಗೇರ್ ಬಾಕ್ಸಿಗೆ ಮರದ ಪುಡಿ ಹಾಕುವ ಹಳೆ ಮೋಸದ ಗುಟ್ಟೂ ಇಷ್ಟೇ. ಹಳೆ ಗಾಡಿ ಕೊಳ್ಳುವಾಗ ಡ್ರೈನ್ ಪ್ಲಗ್ ಬಿಚ್ಚಿಸಿ ನೋಡಿ.

ಪ್ರಾಣಕ್ಕೆ ಸಂಬಂಧಿಸಿದ ಸಂಗತಿ ಬೇರೆ ಇದೆ, ಅದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. "ಇರಲಿ, ಸ್ವಲ್ಪ ಜಾಸ್ತಿನೇ ಹಾಕು" ಎಂದು ಹೌಸಿಂಗಿಗೆ ಅಳತೆ ಮೀರಿ ತುಂಬಿದರೆ ಆಯಿಲ್ ಆಕ್ಸಲ್ ಉದ್ದಕ್ಕೂ ಹರಿದು, ಹಳೆಯ ಸೀಲ್ ದಾಟಿ ಹಿಂದಿನ ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತದೆ. ಬ್ರೇಕ್ ಲೈನರ್ ಎಣ್ಣೆ ಕುಡಿದರೆ ಆ ಗಾಲಿ ಹಿಡಿಯುವುದಿಲ್ಲ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೌಸಿಂಗಿನ ಮೇಲಿರುವ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಕಟ್ಟಿಕೊಂಡರೂ ಇದೇ ಗತಿ. ಒಳಗೆ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಆಯಿಲನ್ನು ಸೀಲ್ ಮೂಲಕ ದೂಡುತ್ತದೆ. ನಮ್ಮ ಎರೆಮಣ್ಣಿನ ದಾರಿಯಲ್ಲಿ ಮಳೆಗಾಲ ಕಳೆದ ಮೇಲೆ ಆ ಗಂಡಿಯನ್ನು ಒಮ್ಮೆ ಬಿಡಿಸುವುದು ಐದು ನಿಮಿಷದ ಕೆಲಸ.

ಬದಲಿಸುವ ಕ್ರಮ ಕಷ್ಟದ್ದಲ್ಲ. ಎಂಟು-ಹತ್ತು ಕಿಲೋಮೀಟರ್ ಓಡಿಸಿ ಆಯಿಲ್ ಬೆಚ್ಚಗೆ ಮಾಡಿ, ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್ ಪ್ಲಗ್‌ಗೆ ಪಾನಾ ಹಾಕಿ. ಹಳೆ ಆಯಿಲೆಲ್ಲ ಸುರಿದುಹೋದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರದಿದ್ದರೆ ಗಾಡಿ ಅಲ್ಲೇ ಕೂತಿತು! ಪಕ್ಕದಲ್ಲಿ ತುಂಬುವ ಪ್ಲಗ್ ಇರುವ ಗಾಡಿಗಳಲ್ಲಿ ಅದರ ತೂತಿನಿಂದ ಹೊಸ ಆಯಿಲ್ ತೊಟ್ಟಿಕ್ಕತೊಡಗಿದರೆ ಸಾಕು, ಅದೇ ಅಳತೆ. ಅಳತೆಕಡ್ಡಿ ಇರುವ ಗಾಡಿಗಳಲ್ಲಿ ಅದರ ಗೆರೆ ನೋಡಿ.

ಹೊರಬಂದ ಆಯಿಲ್ ಕಪ್ಪಗಿದೆ ಎಂದು ಗಾಬರಿ ಬೇಡ. ಪ್ಲಗ್‌ಗೆ ಅಂಟಿದ ಬೂದು ಬಣ್ಣದ ನುಣ್ಣನೆಯ ಕೆಸರೂ ಮಾಮೂಲು. ಚೂರು ಚೂರು ಲೋಹ ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಗಳಲ್ಲಿ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಹಾಗಾಗಿ ಕಿಲೋಮೀಟರ್ ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸರಿ ಎನ್ನುವುದು ನನ್ನ ಅಭಿಪ್ರಾಯ. 'ಜೀವಮಾನದ ಆಯಿಲ್' ಎಂಬ ಮಾತು ಬಂದದ್ದು ಹೊಸ ಕಾರುಗಳಿಂದ, ಈ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ.

ಇಳಿಸಿದ ಹಳೆ ಆಯಿಲ್ ಏನು ಮಾಡುವುದು? ನಾಯಿಯ ಕಜ್ಜಿಗೆ, ದನದ ಗಾಯಕ್ಕೆ ಸವರುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ಅದರಲ್ಲಿ ಲೋಹದ ಕಣಗಳೂ ವಿಷಕಾರಿ ಹೈಡ್ರೋಕಾರ್ಬನ್‌ಗಳೂ ಇರುತ್ತವೆ, ಪ್ರಾಣಿ ಅದನ್ನು ನೆಕ್ಕಿ ನುಂಗುತ್ತದೆ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಹೊಲಕ್ಕೋ ಹಳ್ಳಕ್ಕೋ ಚೆಲ್ಲದೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲನ್ನು ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.