ಹೊನ್ನಮ್ಮನ ಸೀಮೆಗೆ ಮಹಿಳಾ ಅಧ್ಯಯನ ಪರಕೀಯವೇ?

ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನವನ್ನು ಪ್ರಧಾನ ವಿಷಯವಾಗಿ ಓದಬಯಸುವ ಮಗಳಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲೂ ಎರಡು ಆಕ್ಷೇಪಗಳು ಎದುರಾಗುತ್ತವೆ. ಅದು ಪಶ್ಚಿಮದ ಸರಕು. ಅದರಿಂದ ಅನ್ನ ಹುಟ್ಟದು. ಮೊದಲನೆಯದು ಸ್ವಂತ ನೆಲವನ್ನೇ ಅರಿಯದವರ ಮಾತು.

ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಯಳಂದೂರಿನವಳು. ಆಕೆಯ ‘ಹದಿಬದೆಯ ಧರ್ಮ’ ಪತಿಸೇವೆಯನ್ನು ಬೋಧಿಸುತ್ತದೆ. ಹೆಣ್ಣನ್ನು ಹಳಿಯುವವರನ್ನು ಪ್ರಶ್ನಿಸುವುದೂ ಅದೇ ಕೃತಿ. ಸಭೆಗಳಲ್ಲಿ ಎರಡನೆಯದನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಎರಡೂ ಒಂದೇ ಕೃತಿಯಲ್ಲಿ ಹೇಗೆ ಸೇರಿದವು, ಊಳಿಗದ ಹೆಣ್ಣು ಏನನ್ನು ನುಡಿಯಬಹುದಿತ್ತು, ಏನನ್ನು ನುಂಗಿಕೊಳ್ಳಬೇಕಿತ್ತು ಎಂದು ಕೇಳುವುದೇ ಮಹಿಳಾ ಅಧ್ಯಯನ.

ಹನೂರು ತಾಲ್ಲೂಕಿನ ಮಲೆಯ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲುಂಟು. ಶೀಲದ ಭಾಷೆ ಕೊಡೆಂದು ಗಂಡನು ಆಕೆಗಿತ್ತ ಹಿಂಸೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವವರು, ತಮ್ಮ ಮನೆಯ ಸೊಸೆಯ ಮೇಲೆ ಅದೇ ಶಂಕೆಯನ್ನು ಉಳಿಸಿಕೊಂಡಿರುವುದೇಕೆ?

ಅನ್ನದ ಮಾತು ಹಗುರವಾದುದಲ್ಲ. ಬಡ ತಂದೆಯ ಅಳುಕು ಸಹಜವೇ. ಆದರೆ ಆ ಪ್ರಶ್ನೆ ಸಲ್ಲಬೇಕಾದುದು ಸರ್ಕಾರಕ್ಕೆ. 2003ರಲ್ಲಿ ಸ್ಥಾಪನೆಗೊಂಡ ವಿಜಯಪುರದ ರಾಜ್ಯ ಮಹಿಳಾ ವಿಶ್ವವಿದ್ಯಾಲಯ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಪಡೆಯಿತು. ಅಲ್ಲಿ ಈ ವಿಷಯಕ್ಕೆಂದೇ ವಿಭಾಗವಿದೆ. ಅಕ್ಕನ ಹೆಸರಿಟ್ಟವರು ಅಲ್ಲಿ ಓದಿದವಳಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೇಮಕಾತಿಯಲ್ಲಿ ತಕ್ಕ ಮನ್ನಣೆಯನ್ನೂ ನೀಡಲಿ. ಊರ ಹಿರಿಯರು ಈ ಬೇಡಿಕೆಯನ್ನು ಶಾಸಕರ ಮುಂದಿಡಲಿ. ಮಗಳು ತುಂಬಿದ ಪ್ರವೇಶದ ಅರ್ಜಿಯನ್ನು ಹರಿಯುವುದು ಬೇಡ.