ಡಾ. ಜಾನ್‌ನ ಗಂಬೋ ಮತ್ತು ಹೆಸರು ಕಳೆದುಕೊಂಡ ಹಾಡುಗಳು

ಹೋದ ಭಾನುವಾರ ನಮ್ಮ ಡೊಂಬಿವಲಿ ಮನೆಗೆ ಹಳೆಯ ಮಿತ್ರರೊಬ್ಬರು ಬಂದಿದ್ದರು. ಮೈಸೂರಿನ ಕಡೆಯವರು. ನನ್ನ ಹಾಗೇ ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿದವರು. ಪಾಶ್ಚಾತ್ಯ ಸಂಗೀತದ ವಿಷಯ ಬಂದರೆ ನಮ್ಮ ಗುಂಪಿನಲ್ಲಿ ಅವರದ್ದೇ ಕೊನೆಯ ಮಾತು. ಚಹಾದ ಜೊತೆಗಿರಲಿ ಅಂತ ನಾನು 'ಡಾ. ಜಾನ್ಸ್ ಗಂಬೋ' ಹಾಕಿದೆ. ಕಾಲಾ ಘೋಡಾದ ರಿದಮ್ ಹೌಸ್ ಇನ್ನೂ ಇದ್ದಾಗ (2016ರಲ್ಲಿ ಮುಚ್ಚಿತು, ಏನು ಹೇಳೋಣ) ಅಲ್ಲಿ ಕೊಂಡ ಸೀಡಿ.

ನಾಲ್ಕು ಹಾಡು ಕೇಳಿದ ಮಿತ್ರರು ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: "ಚೆನ್ನಾಗಿದೆ ಸಾರ್. ಆದ್ರೆ ಇದರಲ್ಲಿ ಅವನದ್ದು ಅಂತ ಏನಿದೆ? ಎಲ್ಲಾ ಬೇರೆಯವರ ಹಾಡು. ಒಂದೂರಿನ ಲೋಕಲ್ ಸರಕು. ಊರು ಬಿಟ್ಟವನ ಹಳಹಳಿ, ಅಷ್ಟೆ."

ಆಗ ನನಗೆ ಉತ್ತರ ಹೊಳೆಯಲಿಲ್ಲ. ಇನ್ನಷ್ಟು ಚುರುಮುರಿ ಬಡಿಸಿ ಸುಮ್ಮನಾದೆ. ಆದರೆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿದೆ. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಡಾ. ಜಾನ್‌ನ ನಿಜ ಹೆಸರು ಮ್ಯಾಲ್ಕಮ್ ಜಾನ್ ರೆಬೆನ್ಯಾಕ್. 1941ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದವನು, 2019ರಲ್ಲಿ ತೀರಿಕೊಂಡ. ಹುಡುಗನಿದ್ದಾಗ ಗಿಟಾರ್ ನುಡಿಸುತ್ತಿದ್ದ. 1960ರ ಸುಮಾರಿಗೆ ಒಂದು ಜಗಳದಲ್ಲಿ ಬೆರಳಿಗೆ ಗುಂಡು ತಗುಲಿ, ಆಮೇಲೆ ಪಿಯಾನೋಗೆ ಬಂದ. ಅರವತ್ತರ ದಶಕದ ನಡುವಿನಲ್ಲಿ ಊರು ಬಿಟ್ಟು ಲಾಸ್ ಏಂಜಲೀಸ್ ಸೇರಿದ. ಅಲ್ಲಿ ಗರಿ, ಮಣಿಸರ, ಮಾಟಮಂತ್ರದ ವೇಷ ಹಾಕಿಕೊಂಡು 1968ರಲ್ಲಿ 'ಗ್ರಿ-ಗ್ರಿ' ಅನ್ನುವ ಆಲ್ಬಮ್ ಮಾಡಿ ಹೆಸರು ಮಾಡಿದ. 1972ರ 'ಗಂಬೋ'ದಲ್ಲಿ ಆ ಮಂತ್ರವಾದಿಯನ್ನು ಪಕ್ಕಕ್ಕಿಟ್ಟು, ಚಿಕ್ಕಂದಿನಲ್ಲಿ ತನ್ನೂರಲ್ಲಿ ಕೇಳಿದ ಹಾಡುಗಳನ್ನು ಹಾಡಿದ. ಹನ್ನೆರಡು ಟ್ರ್ಯಾಕು, ಹೆಚ್ಚುಕಮ್ಮಿ ಎಲ್ಲವೂ ಬೇರೆಯವರವೇ.

ಗಂಬೋ ಅಂದರೆ ಆ ಊರಿನ ಸಾರು. ಸೀಗಡಿ, ಏಡಿ, ಕೋಳಿ, ಸಾಸೇಜು, ಮನೆಯಲ್ಲಿ ಏನಿದೆಯೋ ಅದು. ಅದನ್ನು ಲೋಳೆಯಾಗಿ ಮಂದ ಮಾಡುವುದು ಬೆಂಡೆಕಾಯಿ. ಗಂಬೋ ಅನ್ನುವ ಪದವೇ ಬೆಂಡೆಕಾಯಿಗಿರುವ ಆಫ್ರಿಕಾದ ಹೆಸರಿನಿಂದ ಬಂದದ್ದು ಅಂತಾರೆ. ಗುಲಾಮರಾಗಿ ಬಂದವರ ಜೊತೆ ಪದವೂ ಹಡಗು ಹತ್ತಿತು.

ಈಗ ಮಿತ್ರರ ತೀರ್ಪಿಗೆ ಬರೋಣ.

ಮೊದಲು ಆ 'ಲೋಕಲ್' ಅನ್ನುವ ಮಾತು. ಬ್ಲೂಸ್ ಅಂದರೆ ಗಿಟಾರು, ಬ್ಲೂಸ್ ಅಂದರೆ ಶಿಕಾಗೋ ಅಂತ ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ. ಸರಿ ಸ್ವಾಮಿ, ಶಿಕಾಗೋಗೆ ಅದು ಎಲ್ಲಿಂದ ಬಂತು? ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲ ಬಿಟ್ಟು ಬಂದಾಗ ಅವನ ಕೈಯಲ್ಲಿದ್ದದ್ದೂ ಒಂದು ಸೀಮೆಯ ಹಾಡೇ. ಅದಕ್ಕೆ ಕರೆಂಟು ಸಿಕ್ಕಿ ದೊಡ್ಡದಾಯಿತು, ಲಂಡನ್ ಹುಡುಗರು ನಕಲು ಮಾಡಿದರು, ಈಗ ಅದನ್ನು ಯಾರೂ ಪ್ರಾದೇಶಿಕ ಅನ್ನುವುದಿಲ್ಲ. ಗೆದ್ದ ಊರಿನದ್ದು 'ಸಂಗೀತ', ಉಳಿದವರದ್ದು 'ಲೋಕಲ್'! ಮುಂಬಯಿಯಲ್ಲಿ ಕನ್ನಡ ಸಿನಿಮಾವನ್ನು 'ರೀಜನಲ್' ಅಂದಾಗ ನಮ್ಮ ಮಿತ್ರರಿಗೇ ಮೂಗಿನ ತುದಿಗೆ ಸಿಟ್ಟು ಬರುತ್ತೆ. ಅದೇ ಮಾತನ್ನು ಅವರು ನ್ಯೂ ಆರ್ಲಿಯನ್ಸಿಗೆ ಅಂದರೆ ಸರಿಯೇ?

ಇನ್ನು 'ಅವನದ್ದು ಏನಿದೆ' ಅನ್ನುವ ಪ್ರಶ್ನೆ. 'ಟಿಪಿಟೀನಾ' ಕೇಳಿ. ಎಡಗೈ ಕೆರಿಬಿಯನ್ನಿನ ರುಂಬಾ ತಾಳ ಹಾಕುತ್ತೆ, ಬಲಗೈ ಬ್ಲೂಸ್ ಸ್ವರಗಳನ್ನು ಉರುಳಿಸುತ್ತೆ. ಹವಾನಾದ ಹಡಗು ಬಂದು ನಿಲ್ಲುತ್ತಿದ್ದ ಬಂದರಿನಲ್ಲಿ ಮಾತ್ರ ಹುಟ್ಟಬಹುದಾದ ಕೈ ಅದು. ಹುಟ್ಟಿಸಿದವನು ಪ್ರೊಫೆಸರ್ ಲಾಂಗ್‌ಹೇರ್ (ನಿಜ ಹೆಸರು ಹೆನ್ರಿ ರೋಲ್ಯಾಂಡ್ ಬರ್ಡ್). 1953ರಲ್ಲಿ ಈ ಹಾಡು ರೆಕಾರ್ಡ್ ಮಾಡಿದವನು, 1970ರ ಹೊತ್ತಿಗೆ ಒಂದು ರೆಕಾರ್ಡ್ ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದ. ಇದನ್ನು ಇನ್ನೊಮ್ಮೆ ಓದಿ. ರೆಕಾರ್ಡ್ ಅಂಗಡಿಯಲ್ಲಿ, ಕಸ.

'ಗಂಬೋ'ದ ಕವರಿನ ಟಿಪ್ಪಣಿಯಲ್ಲಿ ಡಾ. ಜಾನ್ ಮಾಡಿದ್ದೇನು ಗೊತ್ತೇ? ಒಂದೊಂದು ಹಾಡನ್ನೂ ಹಿಡಿದು ಇದು ಎಲ್ಲಿಂದ ಬಂತು, ಮೊದಲು ಯಾರು ಹಾಡಿದರು ಅಂತ ಹೇಳಿಕೊಂಡು ಹೋಗಿದ್ದಾನೆ. 'ಐಕೋ ಐಕೋ' ಹಾಡನ್ನೇ ನೋಡಿ. 1965ರಲ್ಲಿ ಡಿಕ್ಸಿ ಕಪ್ಸ್ ಅನ್ನುವ ಹುಡುಗಿಯರ ತಂಡ ಅದನ್ನು ಹಿಟ್ ಮಾಡಿತ್ತು. ಅಜ್ಜಿ ಹೇಳುತ್ತಿದ್ದ ಹಾಡು ಅಂತ ಅವರ ಹೇಳಿಕೆ. ಆದರೆ ಜೇಮ್ಸ್ 'ಶುಗರ್ ಬಾಯ್' ಕ್ರಾಫರ್ಡ್ ಅನ್ನುವ ಕರಿಯ ಹಾಡುಗಾರ 1953ರಲ್ಲೇ ಅದನ್ನು 'ಜಾಕ್-ಅ-ಮೋ' ಅಂತ ಹಾಡಿದ್ದ. ಮಾರ್ಡಿ ಗ್ರಾ ಹಬ್ಬದಲ್ಲಿ ಇಂಡಿಯನ್ ವೇಷ ಹಾಕುವ ತಂಡಗಳ ಕೂಗುಗಳನ್ನು ಹೊಸೆದು ಕಟ್ಟಿದ ಹಾಡು. ಆ ಕ್ರಾಫರ್ಡ್ 1963ರಲ್ಲಿ ಪೊಲೀಸರ ಏಟಿಗೆ ತಲೆ ಒಡೆಸಿಕೊಂಡು, ಮುಂದೆ ಚರ್ಚು ಬಿಟ್ಟು ಬೇರೆ ಕಡೆ ಹಾಡುವುದನ್ನೇ ನಿಲ್ಲಿಸಿದ. ಹಾಡಿನ ಹಣದಲ್ಲಿ ಒಂದು ಪಾಲು ಪಡೆಯಲಿಕ್ಕೇ ವಕೀಲರ ಮೂಲಕ ಹೊಡೆದಾಡಬೇಕಾಯಿತು. 1972ರಲ್ಲಿ ಡಾ. ಜಾನ್ ಅವನ ಹೆಸರನ್ನು ಅಚ್ಚು ಹಾಕಿಸಿದ. ಇದು ಹಳಹಳಿಯೇ? ನನಗೆ ಇದು ಸಾಲದ ಲೆಕ್ಕ ಬರೆದಿಟ್ಟ ಹಾಗೆ ಕಾಣುತ್ತೆ.

ನೀವು ಕೇಳಬಹುದು: ಬಿಳಿಯನೊಬ್ಬ ಕರಿಯರ ಹಾಡು ಹಾಡಿ ಹೆಸರು ಮಾಡಿದ, ಆಮೇಲೆ ಟಿಪ್ಪಣಿ ಬರೆದರೆ ಆಯಿತೇ? ಇಲ್ಲ, ಆಗಲಿಲ್ಲ. ಹೆಸರು ಬರೆದರೆ ಹೊಟ್ಟೆ ತುಂಬುವುದಿಲ್ಲ, ಒಪ್ಪುತ್ತೇನೆ. ಆದರೆ ಹೆಸರೇ ಇಲ್ಲದಿದ್ದರೆ ಹಣ ಕೇಳುವ ಹಕ್ಕೂ ಹುಟ್ಟುವುದಿಲ್ಲ. 'ಸಾಂಪ್ರದಾಯಿಕ' ಅಂತ ಒಂದು ಪದ ಹಾಕಿದರೆ ಮುಗಿಯಿತು, ಹಾಡಿಗೆ ವಾರಸುದಾರರೇ ಇಲ್ಲ!

ಇಷ್ಟು ಜೋರಾಗಿ ಹೇಳುತ್ತಿರುವ ನಾನು ಏನು ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಬಹಳ ವರ್ಷಗಳ ಹಿಂದೆ ಇಲ್ಲಿನ ಒಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾನೊಂದು ಬೀಸುವ ಪದ ಹಾಡಿದ್ದೆ. ಬಾಗಲಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಸೋದರತ್ತೆಯಿಂದ ಕಲಿತದ್ದು. ಅದರಲ್ಲಿ ಎರಡು ನುಡಿ, ಮುಂಬಯಿಗೆ ಹೋದ ಅಳಿಯನ ಬಗ್ಗೆ ಇದ್ದವು, ಅತ್ತೆ ತಾನೇ ಕಟ್ಟಿದ್ದು. ಅಳಿಯ ಅಂದರೆ ನಾನೇ. ಕಾರ್ಯಕ್ರಮದ ಪಟ್ಟಿ ಬರೆದವನೂ ನಾನೇ. ಹಾಡಿನ ಮುಂದೆ 'ಜನಪದ' ಅಂತ ಬರೆದೆ. ಚಪ್ಪಾಳೆ ನನಗೆ ಬಂತು.

ಊರಿಗೆ ಹೋದಾಗ ಹೆಮ್ಮೆಯಿಂದ ಕ್ಯಾಸೆಟ್ ಕೇಳಿಸಿದೆ. ಹಾಡಿಗೆ ಮೊದಲು ನಿರೂಪಕರ ದನಿ ಬಂತು, "ಈಗ ಒಂದು ಜನಪದ ಗೀತೆ" ಅಂತ. ಅತ್ತೆ ಹಾಡು ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಜನಪದ ಅಂದ್ರ ಯಾರ್ದೋ ತಮ್ಮಾ? ಇದನ್ನ ನಾ ಕಟ್ಟಿದ್ದಲ್ಲೇನು?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು. ಅತ್ತೆ ಈಗಿಲ್ಲ. ಆ ಪಟ್ಟಿಯ ಹಾಳೆ ನನ್ನ ಕಪಾಟಿನಲ್ಲಿ ಇನ್ನೂ ಇದೆ, 'ಜನಪದ' ಅಂತಲೇ ಇದೆ.

ಹಾಗಾಗಿ ಮಿತ್ರರೇ, ಊರು ಬಿಟ್ಟವನು ಊರಿನ ಹಾಡು ಹಾಡುವುದು ತಪ್ಪಲ್ಲ. ಊರನ್ನು ನೆನೆದು ಕಣ್ಣೀರು ಹಾಕುವುದು ಸುಲಭ, ನಮ್ಮ ಸಂಘಗಳಲ್ಲಿ ಅದು ಬೇಕಾದಷ್ಟು ನಡೆಯುತ್ತೆ. ಇದು ಯಾರ ಹಾಡು ಅಂತ ಹೇಳುವುದು ಕಷ್ಟ, ಯಾಕೆಂದರೆ ಹಾಗೆ ಹೇಳಿದ ಕೂಡಲೇ ಚಪ್ಪಾಳೆಯಲ್ಲಿ ಪಾಲು ಕೊಡಬೇಕಾಗುತ್ತೆ. ಡಾ. ಜಾನ್ ಆ ಪಾಲು ಕೊಟ್ಟ. ಅವನದ್ದು ಏನಿದೆ ಅಂದರೆ, ಅದಿದೆ.

ಇನ್ನೊಂದೇ ಸಂಗತಿ. ಲಾಂಗ್‌ಹೇರ್‌ನನ್ನು 1971ರ ನ್ಯೂ ಆರ್ಲಿಯನ್ಸ್ ಸಂಗೀತೋತ್ಸವಕ್ಕೆ ಹುಡುಕಿ ಕರೆತಂದರು, ಅಲ್ಲಿಂದ ಅವನ ಎರಡನೆಯ ಬದುಕು ಶುರುವಾಯಿತು. ಕೊನೆಯ ಆಲ್ಬಮ್ 'ಕ್ರಾಫಿಶ್ ಫಿಯೆಸ್ಟಾ' 1980ರಲ್ಲಿ ಬಂತು, ಅದೇ ವರ್ಷದ ಜನವರಿ 30ರಂದು ಆತ ತೀರಿಕೊಂಡ. ಆ ಆಲ್ಬಮ್ಮಿನಲ್ಲಿ ಡಾ. ಜಾನ್ ಇದ್ದಾನೆ. ಆದರೆ ಪಿಯಾನೋ ಮುಂದೆ ಅಲ್ಲ. ಪಿಯಾನೋ ಗುರುವಿಗೆ ಬಿಟ್ಟು, ಆ ಗುಂಡೇಟಿನ ಕೈಯಲ್ಲಿ ಹಿಂದೆ ಕೂತು ಗಿಟಾರ್ ನುಡಿಸಿದ್ದಾನೆ.

ಮುಂದಿನ ಭಾನುವಾರ ಮಿತ್ರರು ಬಂದರೆ ಇದನ್ನೇ ಹಾಕುತ್ತೇನೆ. ಈ ಸಲ ರಾಜ್ಯೋತ್ಸವದ ಪಟ್ಟಿ ಬರೆಯುವವರಿಗೆ ನನ್ನದೊಂದು ವಿನಂತಿ: 'ಜನಪದ' ಅಂತ ಬರೆಯುವ ಮೊದಲು, ಹಾಡು ಹೇಳಿಕೊಟ್ಟವರು ಯಾರು ಅಂತ ಒಮ್ಮೆ ಕೇಳಿ ನೋಡಿ. ಗೊತ್ತಿದ್ದರೆ ಆ ಹೆಸರನ್ನು ಬರೆಯಿರಿ.